ಬೀಗರು ಹೊಲಿದ ಗಲೀಫು

ಈ ವಾರವೆಲ್ಲ ನಾನು ಮನೆಯ ಸೋಫಾದ ಗಾದಿಗಳಿಗೆ ಹೊಸ ಗಲೀಫು ಹೊಲಿಯುತ್ತಿದ್ದೇನೆ. ಗಲೀಫು ಎಂದರೆ ನಮ್ಮ ಕಡೆ ತಲೆದಿಂಬಿಗೋ ಗಾದಿಗೋ ತೊಡಿಸುವ ಅಂಗಿ. ಶಹಾಪುರದ ಪೇಟೆಯಲ್ಲಿ ಈಗ ಅದು ಸಿದ್ಧವಾಗಿಯೇ ಸಿಗುತ್ತದೆ, ರಬ್ಬರಿನ ಅಂಚಿನದು, ಎಂಥ ಸೋಫಾಕ್ಕೂ ಜಗ್ಗಿದರೆ ಬರುವಂಥದು. ಅದನ್ನೇ ತಂದುಬಿಡೋಣ ಎಂದರು ನಮ್ಮ ಮನೆಯವರು. ಬೇಡವೆಂದೆ. ಯಾಕೆ ಎಂದು ಅವರು ಕೇಳಲಿಲ್ಲ, ಅವರಿಗೆ ಗೊತ್ತಿದೆ. ಕೇಳುವವರು ನೀವೇ ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಹಳೆಯ ಗಲೀಫನ್ನು ಬಿಚ್ಚುವುದಿದೆಯಲ್ಲ, ಹೊಲಿಯುವುದಕ್ಕಿಂತ ಅದೇ ಸುಖ. ಬ್ಲೇಡಿನ ಮೂಲೆಯಿಂದ ಒಂದೊಂದೇ ಹೊಲಿಗೆ ಕತ್ತರಿಸುತ್ತ ಹೋದರೆ ದಾರ ತಾನಾಗಿ ಸಡಿಲಾಗಿ, ಬಟ್ಟೆ ಉಸಿರುಬಿಟ್ಟ ಹಾಗೆ ತೆರೆದುಕೊಳ್ಳುತ್ತದೆ. ಒಳಗಿನಿಂದ ಮನೆಯ ಚರಿತ್ರೆ ಹೊರಬೀಳುತ್ತದೆ: ಶೇಂಗಾ ಸಿಪ್ಪೆ, ತುಂಡು ಬಳಪ, ಯಾರದೋ ತಲೆಯ ಪಿನ್ನು, ನಮ್ಮ ಮನೆಯವರು ಇಡೀ ಓಣಿಯ ಮೇಲೆ ಅನುಮಾನಪಟ್ಟು ಹುಡುಕಿದ್ದ ಕನ್ನಡಕದ ಒಂದು ಕಾಲು. ಕೈ ಬಿಚ್ಚುತ್ತಿರುತ್ತದೆ, ಮನಸ್ಸು ಎಲ್ಲಿಗೋ ಹೋಗಿರುತ್ತದೆ. ಹೆಚ್ಚಾಗಿ ನನ್ನದು ಹೋಗುವುದು ತವರೂರು ಬೋನಾಳದ ಕಡೆಗೆ, ಅಪ್ಪನ ಹತ್ತಿರಕ್ಕೆ.

ಅದಕ್ಕೂ ಮೊದಲು ಸೋಫಾದ ವಿಷಯ ಒಂದು ಮಾತು. ನಮ್ಮ ಕಡೆಯ ಜನ ಸೋಫಾದ ಮೇಲೆ ಕೂಡುವುದಿಲ್ಲ. ಸೋಫಾಕ್ಕೆ ಬೆನ್ನು ಕೊಟ್ಟು ಕೆಳಗೆ ಕೂಡುತ್ತಾರೆ. ಬೇಸಿಗೆಯಲ್ಲಿ ಪರಸಿ ಕಲ್ಲಿನ ನೆಲದಷ್ಟು ತಂಪು ಯಾವ ಗಾದಿಯೂ ಕೊಡುವುದಿಲ್ಲವೆನ್ನುವುದು ಖರೆ. ಆದರೂ ಮನೆಯಲ್ಲಿ ಸೋಫಾ ಇರಬೇಕು, ಅದರ ಮೇಲೆ ಚೆಂದದ ಗಲೀಫು ಇರಬೇಕು. ಬಂದವರಿಗೆ "ಮ್ಯಾಲ ಕೂಡ್ರಿ" ಎನ್ನಬೇಕು, ಅವರು "ಇರ್ಲಿ ಬಿಡ್ರಿ, ಇಲ್ಲೇ ಆರಾಮ ಅದ" ಎಂದು ಕೆಳಗೆ ಕೂಡಬೇಕು. ಮೇಲೆ ಕೂಡಲೇಬೇಕಾದವರು ಬೀಗರು ಮಾತ್ರ. ಬೀಗರು ನೆಲದ ಮೇಲೆ ಕೂತರೆ ಆ ಮನೆಯ ಮರ್ಯಾದೆ ಹೋಯಿತು.

ನಮ್ಮಪ್ಪ ಕಾಲುವೆಯ ಗೇಟು ಏರಿಸಿ ಇಳಿಸುವ ನೌಕರ. ಕೃಷ್ಣೆಯ ನೀರು ನಮ್ಮ ಹೊಲಗಳ ಕಡೆ ಹೊರಳಿದ ಕಾಲ ಅದು. ಜೋಳ, ತೊಗರಿ ಬಿಟ್ಟು ಬೇರೇನೂ ಕಾಣದ ಕರಿ ನೆಲದಲ್ಲಿ ಹಸಿರು ಭತ್ತ ತೂಗಾಡತೊಡಗಿತ್ತು. ಸುರಪುರದ ಹತ್ತಿರ, ಬೋನಾಳದ ಆಚೆ ಕಾಲುವೆಯ ದಂಡೆಗೆ ಹತ್ತಿಕೊಂಡು ನಮ್ಮ ಮನೆ. ಅದಕ್ಕೂ ಮೊದಲು ಅಪ್ಪ ರಂಗಂಪೇಟೆಯಲ್ಲಿ ಟೇಲರ್ ಆಗಿದ್ದ. ಕಾಲಲ್ಲಿ ತುಳಿಯುವ ಒಂದು ಮಷೀನು, ಒಂದು ಕಿಟಕಿ, ಕಿಟಕಿಯ ಕೆಳಗೆ ಕತ್ತರಿಸಿದ ಚಿಂದಿಗಳ ಗುಡ್ಡೆ. ನನ್ನ ಬಾಲ್ಯವೆಂದರೆ ಆ ಗುಡ್ಡೆ. ಮಧ್ಯಾಹ್ನ ಅದರೊಳಗೆ ಮೈಚೆಲ್ಲಿ ಮಲಗಿದರೆ ಹೊಸ ಬಟ್ಟೆಯ ಗಂಜಿಯ ವಾಸನೆ, ಮಷೀನಿನ ಎಣ್ಣೆಯ ವಾಸನೆ, ಮೇಲಿನಿಂದ ಒಂದೇ ಸಮ ಬೀಳುವ ಸದ್ದು. ಆ ಸದ್ದು ನಿಂತಾಗ ಎಚ್ಚರವಾಗುತ್ತಿತ್ತು; ಮತ್ತೆ ಶುರುವಾದರೆ ಮತ್ತೆ ನಿದ್ದೆ. ಹೀಗೆ ಮಲಗಿಯೇ ಬೆಳೆದದ್ದರಿಂದ ಹೊಲಿಗೆ ಕಲಿಯುವುದು ಉಳಿದುಹೋಯಿತು. ಒಂದು ಸಲ ಕಲಿಯಲು ಕೂತು ಬೆರಳ ಮೇಲೇ ಸೂಜಿ ಓಡಿಸಿಕೊಂಡೆ. ಅಪ್ಪ ಬೆರಳಿಗೆ ಚಿಂದಿ ಸುತ್ತಿ, "ಸಾಕು ಬಿಡವ್ವಾ, ನಿನಗ ನಿದ್ದಿನೇ ಚಂದ" ಎಂದ.

ಕಾಲುವೆಯ ನೌಕರಿ ಸಿಕ್ಕಾಗ ಅವ್ವ ಹಿಗ್ಗಿದ್ದು ಹೇಳತೀರದು. ಅವಳನ್ನು ನೀವು ತಪ್ಪು ತಿಳಿಯಬಾರದು. ಹಬ್ಬ ಹತ್ತಿರ ಬಂತೆಂದರೆ ಜನ ಬಾಗಿಲಲ್ಲಿ ನಿಂತು, "ಏ ಟೇಲರ, ಇವತ್ತು ಕೊಡ್ತೀನಿ ಅಂದಿದ್ದಿ, ಎಲ್ಲಿ ಅದ" ಎಂದು ಏಕವಚನದಲ್ಲಿ ಒದರುವುದನ್ನು ವರ್ಷಗಟ್ಟಲೆ ಕೇಳಿದವಳು ಅವಳು. ಅಪ್ಪ ಒಳಗೆ ತಲೆ ಬಗ್ಗಿಸಿಕೊಂಡು ಗುಂಡಿ ಹಚ್ಚುತ್ತಿದ್ದರೆ ಹೊರಗೆ ಬೈಸಿಕೊಳ್ಳುತ್ತಿದ್ದವಳು ಅವಳೇ. ಈಗ ರೈತರು ಮನೆಗೆ ಬಂದು, "ಜರಾ ನೀರು ಬಿಡ್ರಿ ಸಾಹೇಬ್ರ" ಎನ್ನುತ್ತಿದ್ದರು. ಮಷೀನಿಗೆ ಗೋಣಿಚೀಲ ಹೊದಿಸಿ ಹಿಂದಿನ ಕೋಣೆಗೆ ಸರಿಸಿದಳು. "ಇನ್ನ ಮ್ಯಾಲ ಅದರ ಮಾತು ಎತ್ತಬ್ಯಾಡ್ರಿ" ಎಂದಳು. ಅಪ್ಪ ಎತ್ತಲಿಲ್ಲ. ಆದರೆ ಅವ್ವ ಸಂತೆಗೆ ಹೋದ ದಿನ ಹಿಂದಿನ ಕೋಣೆಯಿಂದ ಆ ಸದ್ದು ಸಣ್ಣಗೆ ಕೇಳುತ್ತಿತ್ತು. ಕಿಟಕಿಯಾಚೆ ಕಾಲುವೆ ಹರಿಯುತ್ತಿರುತ್ತಿತ್ತು. ಅರೆನಿದ್ದೆಯಲ್ಲಿ ನನಗೆ ಎರಡರಲ್ಲಿ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ನನ್ನನ್ನು ನೋಡಲು ಶಹಾಪುರದಿಂದ ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾದಾಗ ಅವ್ವನ ಕಣ್ಣು ನಮ್ಮ ಸೋಫಾದ ಮೇಲೆ ಬಿತ್ತು. ಕಾಲುವೆ ಕೆಲಸದ ಕ್ಯಾಂಪಿನಲ್ಲಿದ್ದ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು ಅದು. ಕಟ್ಟಿಗೆ ಗಟ್ಟಿಯಿತ್ತು, ಗಾದಿಗಳ ಬಟ್ಟೆ ಮಾತ್ರ ಹರಿದು ಒಳಗಿನ ತೆಂಗಿನ ನಾರು ಇಣುಕುತ್ತಿತ್ತು. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ರಂಗಂಪೇಟೆಗೆ ಹೋಗಿ ದಪ್ಪನೆಯ ನೀಲಿ ಬಟ್ಟೆ ತಂದ. ಒಂದು ಇಡೀ ದಿನ ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ತೆರೆದಾಗ ಗಾದಿಗಳು ಮದುಮಕ್ಕಳ ಹಾಗೆ ಹೊರಬಂದವು. ಅಂಚಿಗೆಲ್ಲ ಸಣ್ಣ ಹಗ್ಗವನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದ ಪೈಪಿಂಗು, ಮೂಲೆಗಳು ಚೂಪಾಗಿ ನಿಂತಿದ್ದವು, ಎಲ್ಲಿಯೂ ಒಂದು ಸುಕ್ಕಿರಲಿಲ್ಲ.

ಬಂದವರಲ್ಲಿ ಮುಖ್ಯರು ಹುಡುಗನ ತಾಯಿ, ಅಂದರೆ ಮುಂದೆ ನನಗೆ ಅತ್ತೆಯಾದವರು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಅವರು ನನ್ನನ್ನು ನೋಡಿದ್ದಕ್ಕಿಂತ ಗಾದಿಗಳನ್ನು ನೋಡಿದ್ದೇ ಹೆಚ್ಚು. ಅಂಗೈ ಸವರಿದರು, ಮೂಲೆ ಹಿಚುಕಿದರು, ಒಂದನ್ನು ಬೋರಲು ಹಾಕಿ ಹಿಂಬದಿಯನ್ನೂ ಪರೀಕ್ಷಿಸಿದರು.

"ಯಾರು ಹೊಲದಾರ್ರಿ ಇವನ್ನ?"

"ನಮ್ ನೀಲಾನೇ ಹೊಲದಾಳ್ರಿ" ಎಂದಳು ಅವ್ವ, ಒಂದು ಕ್ಷಣವೂ ತಡಮಾಡದೆ.

ತಲೆ ಬಗ್ಗಿಸಿ ಕೂತಿದ್ದ ನಾನು ತಲೆ ಎತ್ತಿದೆ. ಅಪ್ಪ ತನ್ನ ಕಾಲ್ಬೆರಳು ನೋಡಿಕೊಳ್ಳುತ್ತಿದ್ದ. ಮುಖದಲ್ಲಿ ಸಿಟ್ಟಿಲ್ಲ, ದುಃಖವೂ ಇಲ್ಲ. ದೂರದಲ್ಲಿ ಯಾರೋ ತನ್ನದೇ ಹೆಸರಿನ ಇನ್ನೊಬ್ಬನನ್ನು ಕರೆಯುತ್ತಿದ್ದಾರೆ ಎನ್ನುವ ಹಾಗೆ ಸುಮ್ಮನೆ ಕೇಳುತ್ತಿದ್ದ. ಅತ್ತೆ ಮೊದಲ ಸಲ ನಕ್ಕರು. ಸಂಬಂಧ ಕೂಡಿತು.

ಅವರು ಹೋದ ಮೇಲೆ ನಾನು ಅಪ್ಪನ ಹತ್ತಿರ ಹೋಗಿ ನಿಂತೆ. ಅವನೇ ಹೇಳಿದ: "ಹೋಗ್ಲಿ ಬಿಡವ್ವಾ. ನಿನ್ನ ಸಲುವಾಗಿ ಹೊಲದದ್ದು. ನಿಂದೇ ಅಂದ್ರೂ ನಡಿತದ."

ಅವ್ವ ಆಡಿದ ಆ ಒಂದು ಮಾತಿಗೆ ಬಾಲ ಬೆಳೆಯಿತು. ಇಷ್ಟು ಚೆಂದ ಹೊಲಿಯುವ ಹುಡುಗಿಯನ್ನು ಮಷೀನು ಇಲ್ಲದೆ ಕಳಿಸುವುದು ಹೇಗೆ? ಹಿಂದಿನ ಕೋಣೆಯ ಮಷೀನಿಗೆ ಹೊಸ ಬಣ್ಣ ಬಂತು, ಹೊಸ ಬೆಲ್ಟು ಬಂತು, ನನ್ನ ಪಾತ್ರೆ ಪಗಡೆ, ಗಾದಿ, ಟ್ರಂಕಿನ ಜೊತೆ ಅದೂ ಟೆಂಪೋ ಏರಿತು. ಕಟ್ಟಿದ ಹಗ್ಗ ಸಡಿಲವಿದೆಯೆಂದು ಅಪ್ಪ ಮತ್ತೆ ಮತ್ತೆ ಬಂದು ಬಿಗಿದ. ಹಗ್ಗ ಸಡಿಲವೇನೂ ಇರಲಿಲ್ಲ.

ಶಹಾಪುರದ ಅತ್ತೆಯ ಮನೆಯಲ್ಲಿ ಮಷೀನಿಗೆ ಪಡಸಾಲೆಯಲ್ಲೇ ಜಾಗ ಸಿಕ್ಕಿತು. ಯಾವಾಗ ಹೊಲಿಯುತ್ತೀ ಎಂದು ಅತ್ತೆ ಕೇಳಿದವರಲ್ಲ, ಕಾದವರು. ಅವರು ಕೇಳದಿದ್ದ ಪ್ರಶ್ನೆಗಳಿಗೆ ನಾನೇ ಉತ್ತರ ಕೊಡುತ್ತ ಓಡಾಡಿದೆ. ಸೂಜಿ ಮೊಂಡಾಗಿದೆ. ದಾರ ಹೊಂದುವುದಿಲ್ಲ. ಇವತ್ತು ಅಮಾವಾಸ್ಯೆ. ಅಮಾವಾಸ್ಯೆ ತಿಂಗಳಿಗೆ ಒಂದೇ ಬರುತ್ತದೆನ್ನುವುದು ನನ್ನ ದೊಡ್ಡ ತೊಂದರೆಯಾಯಿತು.

ಒಂದು ದಿನ ಅತ್ತೆ ಪೇಟೆಯಿಂದ ಬಟ್ಟೆ ತಂದರು. ಕೆನೆಬಣ್ಣ, ಮೇಲೆ ಕಂದು ಎಲೆಗಳು. ಅವರ ಮನೆಯ ಸೋಫಾದ ಗಾದಿಗಳು ಎಷ್ಟು ಸವೆದಿದ್ದವೆಂದರೆ ಮೂಲದ ಬಣ್ಣ ಯಾವುದೆಂದು ಮನೆಯವರಲ್ಲೇ ಭಿನ್ನಾಭಿಪ್ರಾಯವಿತ್ತು.

"ಶ್ರಾವಣದಾಗ ಓಣಿ ಹೆಣ್ಮಕ್ಕಳು ಭಜನಿಗೆ ಬರ್ತಾರ" ಎಂದರು. "ಅವಸರ ಇಲ್ಲ ನೀಲವ್ವ. ನಾ ರಾಮಸಮುದ್ರಕ್ಕ ತಂಗಿ ಮನಿಗೆ ಹೋಗಿ ಬರ್ತೀನಿ. ನಾ ಬರೂದ್ರಾಗ ಹೊಲದಿಡು. ನಿಮ್ಮನ್ಯಾಗ ಹೊಲದಿದ್ದಿಯಲ್ಲ, ಹಂಗನ."

ಅವರು ಬಸ್ಸು ಹತ್ತಿದ್ದೇ ತಡ, ನಾನು ಧೈರ್ಯ ಮಾಡಿದೆ. ಮಷೀನು ನನ್ನ ಕಾಲಿಗೆ ಹಿಂದಕ್ಕೇ ಓಡಿತು. ದಾರ ತುಂಡಾಯಿತು, ಗಂಟಾಯಿತು. ಹೇಗೋ ಒಂದನ್ನು ಮುಗಿಸಿ ಗಾದಿಗೆ ತೊಡಿಸಲು ಹೋದರೆ ಅದು ಅರ್ಧಕ್ಕೆ ನಿಂತಿತು, ದೊಡ್ಡವನಿಗೆ ತಮ್ಮನ ಅಂಗಿ ತೊಡಿಸಿದ ಹಾಗೆ. ನನ್ನ ಹೊಲಿಗೆಯ ಸಾಲು ಜಗಳವಾಡುವ ಅಣ್ಣತಮ್ಮಂದಿರು ಸೇರಿ ತೋಡಿದ ಹೊಲಗಾಲುವೆಯಂತೆ ಇಬ್ಬರ ಕಡೆಗೂ ವಾಲಿ ವಾಲಿ ಹೋಗಿತ್ತು. ಸಂಜೆ ಸಾಲೆಯಿಂದ ಬಂದ ನಮ್ಮ ಮನೆಯವರ ಮುಂದೆ ಅದನ್ನು ಹಿಡಿದು ಕೂತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಅವರು ಮೇಷ್ಟ್ರು, ಮೊದಲು ಗಂಭೀರವಾಗಿ ಕೇಳಿದರು. ಆಮೇಲೆ ಆ ಗಲೀಫನ್ನು ಎತ್ತಿ ಹಿಡಿದು ನೋಡಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಸುರಪುರದಾಗ ನನಗೂ ಕೆಲಸ ಅದ" ಎಂದರು ಕೊನೆಗೆ. "ನಾಳೆ ಮಾವಾರಿಗೆ ಹೇಳಿ ಬರ್ತೀನಿ."

ಅದರ ಮಾರನೆಯ ದಿನ ಮೊದಲ ಬಸ್ಸಿಗೆ ಅಪ್ಪ ಬಂದ. ಆಫೀಸಿನ ಕೆಲಸವಿದೆಯೆಂದು ಅವ್ವನಿಗೆ ಹೇಳಿ ಬಂದಿದ್ದನಂತೆ. ಖಾಕಿ ಅಂಗಿ, ಬಗಲಲ್ಲಿ ಚೀಲ, ಚೀಲದಲ್ಲಿ ಟವೆಲಿನಲ್ಲಿ ಸುತ್ತಿದ ಕತ್ತರಿ. ಮಷೀನನ್ನು ನೋಡಿದವನು ಮೊದಲು ಅದರ ಚಕ್ರದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಒಂದೊಂದೇ ತಿರುಪು ಬಿಚ್ಚಿ, ಧೂಳು ಒರೆಸಿ, ಎಣ್ಣೆ ಬಿಟ್ಟ. ನಾನು ಹೊಲಿದಿದ್ದನ್ನು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, "ಬಟ್ಟಿ ಚಲೋ ಅದ" ಎಂದ.

ಮನೆಯವರು ಸಾಲೆಗೆ ಹೋದರು. ಬಿಸಿಲು ಏರಿತು. ಓಣಿಯ ಸದ್ದೆಲ್ಲ ಒಂದೊಂದಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕಿ, ಬನಿಯನ್ನಿನ ಮೇಲೆ ಟೇಪು ಕೊರಳಿಗೆ ಹಾಕಿಕೊಂಡು ಕೂತ. ನಾನು ನೆಲದ ಮೇಲೆ ಚಿಂದಿಗಳ ನಡುವೆ ಕೂತೆ. ಕಂದು ಎಲೆಗಳು ಅವನ ಕೈಕೆಳಗೆ ಸಾಲಾಗಿ ತೇಲಿ ಬಂದು, ಸೂಜಿಯ ಕೆಳಗೆ ಹಾದು, ಆ ಕಡೆ ಇಳಿದು ಮಡಚಿಕೊಳ್ಳುತ್ತಿದ್ದವು. ಅದೇ ವಾಸನೆ. ಅದೇ ಸದ್ದು. ಮದುವೆಯಾಗಿ ಬಂದ ಮೇಲೆ ಹೊಸ ಮನೆಯಲ್ಲಿ ಸದಾ ಬಿಗಿಯಾಗಿದ್ದ ನನ್ನ ಭುಜಗಳು ಇಳಿದವು. ಗಂಡನ ಮನೆಯಲ್ಲಿ ಹಗಲು ನಿದ್ದೆ ಮಾಡಬಾರದೆಂದು ಅವ್ವ ಹೇಳಿ ಕಳಿಸಿದ್ದಳು. ಗಾದಿಯೊಂದಕ್ಕೆ ತಲೆ ಕೊಟ್ಟು ಕಣ್ಣು ಮುಚ್ಚಿದೆನೋ ಇಲ್ಲವೋ, ರಂಗಂಪೇಟೆಯ ಕಿಟಕಿಯ ಕೆಳಗಿದ್ದೆ.

ಸದ್ದು ನಿಂತಿತು. ಎಚ್ಚರವಾಯಿತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ರಾಮಸಮುದ್ರದಿಂದ ತಂದ ಗಂಟು. ತಂಗಿಯ ಮನೆಯವರೆಲ್ಲ ನಾಟಿಗೆ ಹೊಲ ಸೇರಿದ್ದರಿಂದ ಅಲ್ಲಿ ಮಾತಾಡುವವರೇ ಸಿಗದೆ ಬೇಗ ಹೊರಟು ಬಂದಿದ್ದರು. ಅವರು ಕಂಡದ್ದನ್ನು ನೀವೂ ಒಮ್ಮೆ ನೋಡಿ: ಸೊಸೆ ನಡುಹಗಲಲ್ಲಿ ನೆಲದ ಮೇಲೆ ಮಲಗಿದ್ದಾಳೆ. ಬೀಗರನ್ನು ಕೂರಿಸಬೇಕಾದ ಗಾದಿಗಳೆಲ್ಲ ಬತ್ತಲೆಯಾಗಿ ಗೋಡೆಗೆ ಒರಗಿವೆ. ಕೂರಬೇಕಾದ ಬೀಗರು ಬನಿಯನ್ನಿನಲ್ಲಿ, ಕೊರಳಲ್ಲಿ ಟೇಪು, ತುಟಿಯಲ್ಲಿ ದಾರ ಕಚ್ಚಿಕೊಂಡು ಇವರ ಮನೆಯ ಗಲೀಫು ಹೊಲಿಯುತ್ತಿದ್ದಾರೆ.

ಅಪ್ಪ ದಡಬಡಿಸಿ ಎದ್ದು ಗೂಟದ ಅಂಗಿಗೆ ಕೈಹಾಕಿದ. ಒಂದು ತೋಳು ಮಾತ್ರ ಸಿಕ್ಕಿತು. "ಶರಣ್ರಿ ಅಕ್ಕಾರ. ಹಿಂಗೇ ಆಫೀಸ್ ಕೆಲಸಕ್ಕ ಬಂದಿದ್ನಿ. ಹುಡುಗಿನೇ ಹೊಲಿಯಾಕತ್ತಿದ್ಳು. ಮಷೀನಿಗೆ ಎಣ್ಣಿ ಬಿಟ್ಟು ಒಂದೀಟು ಓಡಿಸಿ ನೋಡ್ತಿದ್ನಿ, ಅಷ್ಟೇರಿ."

ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಇನ್ನೊಬ್ಬರ ಮನೆಯ ಪಡಸಾಲೆಯಲ್ಲಿ, ಅರ್ಧ ಅಂಗಿಯಲ್ಲಿ, ತನ್ನ ಕೆಲಸ ತನ್ನದಲ್ಲವೆಂದು ಎರಡನೆಯ ಸಲ ಒಪ್ಪಿಕೊಳ್ಳುತ್ತ ನಿಂತಿದ್ದ. ನನಗೆ ಅದನ್ನು ನೋಡಲಾಗಲಿಲ್ಲ.

"ಅತ್ತಿ, ನನಗ ಹೊಲಿಯಾಕ ಬರಂಗಿಲ್ರಿ" ಎಂದೆ. "ಅವತ್ತು ನೀವು ನೋಡಿದ್ದೂ ಅಪ್ಪ ಹೊಲದದ್ದೇ."

ಅತ್ತೆ ನನ್ನನ್ನು ನೋಡಿದರು. ಅಪ್ಪನನ್ನು ನೋಡಿದರು. ಗಂಟು ಇಟ್ಟು ಒಳಗೆ ಹೋದರು. ನಾವಿಬ್ಬರೂ ನಿಂತೇ ಇದ್ದೆವು. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಒಂದು ಪಾತ್ರೆಯ ಸದ್ದಿನಿಂದ ಮನುಷ್ಯರ ಸಿಟ್ಟನ್ನು ಅಳೆಯಲು ಸಾಧ್ಯವೇ ಎಂದು ನಾನು ಅವತ್ತು ಬಹಳ ಪ್ರಯತ್ನಪಟ್ಟೆ. ಸಾಧ್ಯವಿಲ್ಲ. ಸ್ವಲ್ಪ ಹೊತ್ತಿಗೆ ಶುಂಠಿ ಹಾಕಿದ ಚಹಾದ ವಾಸನೆ ಬಂತು.

ಅತ್ತೆ ಕಪ್ಪು ತಂದು ಅಪ್ಪನ ಕೈಗೆ ಕೊಟ್ಟರು. ಗಾದಿಯಿಲ್ಲದ ಸೋಫಾದ ಬರಿ ಹಲಗೆಯ ಮೇಲೆ ಕೂತರು. ನೆಲಕ್ಕೆ ಜೋತುಬಿದ್ದಿದ್ದ ಬಟ್ಟೆಯ ತುದಿಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಹಾಕಿಕೊಂಡರು.

"ಚಾ ಕುಡದು ಹೊಲೀರಿ ಬೀಗ್ರ. ನಾ ತುದಿ ಹಿಡೀತೀನಿ, ಜಗ್ಗತದ ಅದು."

ಅಪ್ಪ ಕೂತ. ಅಂಗಿಯ ಇನ್ನೊಂದು ತೋಳು ಹಾಕಿಕೊಳ್ಳುವುದನ್ನು ಮರೆತೇಬಿಟ್ಟ. ಅತ್ತೆ ಒಂದೊಂದೇ ಕೇಳಿದರು, ಎಲ್ಲಿ ಕಲಿತಿರಿ, ಯಾಕೆ ಬಿಟ್ಟಿರಿ. ಅವನು ಹೇಳುತ್ತ ಹೋದ. ನನಗೆ ಗೊತ್ತಿಲ್ಲದ ಸಂಗತಿಗಳು. ಸಾಲೆ ಶುರುವಾಗುವ ಮುಂದೆ ಹುಡುಗರ ಚಡ್ಡಿ ಹೊಲಿದು ಹೊಲಿದು ಕನಸಿನಲ್ಲೂ ಖಾಕಿಯೇ ಕಾಣುತ್ತಿತ್ತಂತೆ. ನಾನು ಹುಟ್ಟಿದಾಗ ತಲೆಗೆ ತೊಡಿಸುವ ಮೊದಲ ಕುಂಚಿಗೆ ಹೊಲಿದದ್ದು ಅವನೇ ಅಂತೆ.

"ಕೆನಾಲ ಕೆಲಸ ಕೆಟ್ಟದ್ದಲ್ರಿ" ಎಂದ. "ಗೇಟ್ ಎತ್ತಿದ್ರ ನೀರು ಹೋಗ್ತದ. ಯಾರ ಹೊಲಕ್ಕೋ ಹೋಗ್ತದ, ಬೆಳೀತದ. ಆದ್ರ ಅದು ಮುಗಿಯೂದಿಲ್ರಿ. ಇದಾದ್ರ ಒಂದು ಅಂಗಿ ಮುಗಿತದ. ಮಡಚಿ ಕೈಯಾಗ ಕೊಡ್ತೀವಿ. ತೊಟ್ಕೊಂಡು ಹೋಗ್ತಾರ."

"ಹೆಂಡ್ತಿಗೆ ಹೇಳೀರೇನು ಇದನ್ನ?"

"ಆಕಿ ಬಾಳ ಬೈಸ್ಕೊಂಡಾಳ್ರಿ ಇದರ ಸಲುವಾಗಿ. ಹ್ಯಾಂಗ ಹೇಳಲಿ."

ಅತ್ತೆ ತಲೆಯಾಡಿಸಿದರು. ಮತ್ತೆ ಮಷೀನಿನ ಸದ್ದು. ಸಂಜೆಯ ಹೊತ್ತಿಗೆ ಗಾದಿಗಳೆಲ್ಲ ಕಂದು ಎಲೆಗಳನ್ನು ಹೊದ್ದು ತಮ್ಮ ತಮ್ಮ ಜಾಗದಲ್ಲಿ ಕೂತವು. ಅತ್ತೆ ಅಪ್ಪನನ್ನು ನಡುವಿನ ಗಾದಿಯ ಮೇಲೆ ಕೂರಿಸಿ, ಬಿಸಿ ಬಿಸಿ ರೊಟ್ಟಿ ಬಡಿಸಿ, ಬೀಗರಿಗೆ ಸಲ್ಲುವ ಉಡುಗೊರೆಯಾಗಿ ಟವೆಲು ಟೊಪ್ಪಿಗೆಯ ಆಯೇರಿ ಮಾಡಿದರು. ಅವನು ಹೊರಡಲು ಎದ್ದಾಗ ಮಗನಿಗೆ, "ಆ ಮಷೀನನ್ನ ಬಸ್ ಸ್ಟ್ಯಾಂಡ್ ತನಕಾ ಒಯ್ಯಾಕ ಒಂದು ಬಂಡಿ ನೋಡು" ಎಂದರು.

ತವರಿನಿಂದ ಬಂದದ್ದನ್ನು ತಿರುಗಿ ಕಳಿಸುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅಪ್ಪನ ಮುಖ ಬಿಳಚಿತು.

"ಗಾಬರಿ ಆಗಬ್ಯಾಡ್ರಿ" ಎಂದರು ಅತ್ತೆ. "ಇಲ್ಲಿ ಅದು ಉಪವಾಸ ನಿಂತದ. ಬೀಗತಿಗೆ ರಿಪೇರಿಗಿ ತಂದೀನಿ ಅಂತ ಹೇಳ್ರಿ. ರಿಪೇರಿ ಎಷ್ಟ ದಿನಾನೂ ಹಿಡಿತದ."

ಬಸ್ಸಿನ ಮೇಲೆ ಮೂಟೆಗಳ ನಡುವೆ ಕಾಲು ಮೇಲೆ ಮಾಡಿಕೊಂಡು ಮಷೀನು ಸುರಪುರದ ದಾರಿ ಹಿಡಿಯಿತು. ಅವ್ವ ಅದನ್ನು ನೋಡಿ ಏನೆಂದಳು? ಏನಾಗಿದೆ ಇದಕ್ಕೆ, ಎಂದು ಮಾರನೆಯ ದಿನ ಕೇಳಿದಳಂತೆ. ನೋಡಬೇಕು, ಎಂದನಂತೆ ಅಪ್ಪ. ನೋಡುವುದು ಮುಗಿಯಲೇ ಇಲ್ಲ. ನಾನು ಪಂಚಮಿಗೆ ಹೋದಾಗ ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಅಪ್ಪ ಬೋನಾಳದ ಹುಡುಗಿಯೊಬ್ಬಳ ಲಂಗ ಹೊಲಿಯುತ್ತಿದ್ದ. ಅವ್ವ ಹೊಸ್ತಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದಳು, ಆ ಕಡೆ ನೋಡದವಳ ಹಾಗೆ. ನನಗೂ ಅಲ್ಲೇ ಮೊದಲ ಪಾಠವಾಯಿತು. ಈ ಸಲ ಬೆರಳಿಗೆ ಸೂಜಿ ಚುಚ್ಚಲಿಲ್ಲ. ಅಪ್ಪ ಹೇಳಿಕೊಟ್ಟದ್ದು ಇಷ್ಟೇ: ಕಾಲಿಗೆ ಅವಸರ ಬೇಡ, ಕಣ್ಣಿಗೆ ನಿದ್ದೆ ಬೇಡ. ಎರಡನೆಯದು ನನಗೆ ಕಷ್ಟವಾಯಿತು.

ಮುಂದಿನ ವರ್ಷ ನನಗೆ ಕುಬಸ ಮಾಡಿದರು. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ ಅಂದರೆ ರವಿಕೆ ತಂದು ಉಡಿ ತುಂಬುವ ಕಾರ್ಯ ಅದು. ಶಹಾಪುರದ ಮನೆಯ ಪಡಸಾಲೆ ಓಣಿಯ ಹೆಂಗಸರಿಂದ ತುಂಬಿತ್ತು. ಗಂಡಸರೆಲ್ಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಅವ್ವ ಒಳಗಿನ ಕೋಣೆಗೆ ನನ್ನನ್ನು ಕರೆದುಕೊಂಡು ಹೋಗಿ ಕುಬಸ ತೊಡಿಸಿದಳು. ತೋಳಿಗೆ ಸಣ್ಣ ಜರಿ ಅಂಚು, ಕೊರಳಿಗೆ ಕಾಣದಷ್ಟು ಸೂಕ್ಷ್ಮವಾದ ಪೈಪಿಂಗು. ಯಾರ ಕೈಯೆಂದು ನನಗೆ ಗೊತ್ತಾಯಿತು.

ಹೊರಗೆ ತಂದು ಮಣೆಯ ಮೇಲೆ ಕೂರಿಸಿದರು. ಯಾರೋ ಹಾಡು ಎತ್ತಿಕೊಳ್ಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅತ್ತೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಎದುರಿಗೆ ನಿಂತಿದ್ದರು. ಅವ್ವ ನನ್ನ ಪಕ್ಕದಲ್ಲಿ ಕೂತಿದ್ದಳು. ಯಾರೂ ಏನೂ ಕೇಳಿರಲಿಲ್ಲ. ಒಮ್ಮೆಲೇ ಅವಳು ಅತ್ತೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಈ ಕುಬಸ ಇಕಿ ಅಪ್ಪಾರೇ ಹೊಲದಾರ್ರಿ" ಎಂದಳು.

ಅತ್ತೆಯ ಕೈಯ ತಟ್ಟೆ ಒಂದು ಗಳಿಗೆ ಹಾಗೇ ನಿಂತಿತು. "ಹೌದೇನ್ರಿ" ಎಂದರು, ಏನೂ ಗೊತ್ತಿಲ್ಲದವರಂತೆ. "ಚಂದ ಹೊಲದಾರ."

"ಬಾಳ ಚಂದ ಹೊಲೀತಾರ್ರಿ" ಎಂದಳು ಅವ್ವ.

ಹಾಡು ಶುರುವಾಯಿತು. ಹೆಂಗಸರು ದನಿಗೂಡಿಸಿದರು. ಅವ್ವ ನನ್ನ ತೋಳಿನ ಹೊಲಿಗೆಯ ಮೇಲೆ ಬೆರಳು ಎಳೆಯುತ್ತ ಕಿವಿಯ ಹತ್ತಿರ ಬಗ್ಗಿದಳು.

"ಹೊಲಿಗಿ ಒಳಗ ಬಟ್ಟಿ ಜಾಸ್ತಿ ಬಿಟ್ಟಾರ" ಎಂದಳು. "ಬಾಣಂತಿ ಆದ ಮ್ಯಾಲ ಮೈ ಬಂದ್ರ ಬಿಚ್ಚಿ ದೊಡ್ಡದ ಮಾಡ್ಕೊ ಅಂತ ಹೇಳ್ಯಾರ."